ಕೇಳದೆ ತೆರೆದ ಬಾಗಿಲು, ಕೇಳದೆ ಜಡಿದ ಬೀಗ

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಹೆಸರು ಕ್ರೀಡೆಯದು, ಗಿರಾಕಿ ಬಹುಮಟ್ಟಿಗೆ ಪದಬಂಧದ್ದು. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅವರ ಕಂಪನಿ ಅದರಲ್ಲಿ ಬಹುಮಾನದ ಪದಬಂಧ ಅಚ್ಚು ಹಾಕಿಸುತ್ತಿತ್ತು. ಪ್ರವೇಶ ಶುಲ್ಕ ಕಟ್ಟಿ, ಕೂಪನ್ ತುಂಬಿ ಕಳಿಸಬೇಕು. ಒಂದೇ ಸುಳಿವಿಗೆ ಎರಡು ಪದ ಒಪ್ಪುತ್ತಿದ್ದವು. ಅವುಗಳಲ್ಲಿ ಯಾವುದು ‘ಸರಿ’ ಎಂಬುದನ್ನು ಸಂಘಟಕರು ಮೊದಲೇ ಗೊತ್ತುಮಾಡಿ ಇಟ್ಟಿರುತ್ತಿದ್ದರು. ಭಾಷೆ ಎಷ್ಟೇ ಬಲ್ಲವನಾದರೂ ಅವರ ಮನಸ್ಸಿನಲ್ಲಿದ್ದ ಪದವನ್ನು ಊಹಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಪತ್ರಿಕೆ ಬೆಂಗಳೂರಿನದಾದರೂ ದುಡ್ಡು ಹೆಚ್ಚಾಗಿ ಬರುತ್ತಿದ್ದುದು ಮುಂಬಯಿಯಿಂದ.

ಇದಕ್ಕೊಂದು ಕಾರಣವಿತ್ತು. ಮುಂಬಯಿ ಸರ್ಕಾರ 1948ರಲ್ಲೇ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳಿಗೆ ಲೈಸೆನ್ಸು, ತೆರಿಗೆ ಎರಡನ್ನೂ ವಿಧಿಸಿತ್ತು. ಮೊದಲಿಗೆ ಹೊರರಾಜ್ಯದ ಪತ್ರಿಕೆಗಳಿಗೆ ಅದು ತಟ್ಟಲಿಲ್ಲ. 1952ರ ತಿದ್ದುಪಡಿ ಬಂದಾಗ ಬೆಂಗಳೂರಿನ ಕೂಪನ್ನೂ ಸಿಕ್ಕಿಬಿತ್ತು. ಕಂಪನಿ ಹೈಕೋರ್ಟಿಗೆ ಹೋಗಿ, ಇದು ನಮ್ಮ ವ್ಯಾಪಾರ, ವ್ಯಾಪಾರದ ಸ್ವಾತಂತ್ರ್ಯ ಸಂವಿಧಾನ ಕೊಟ್ಟದ್ದು ಎಂದು ವಾದಿಸಿ ಗೆದ್ದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ನೇತೃತ್ವದ ಪೀಠ ಆ ವಾದವನ್ನು ತಳ್ಳಿಹಾಕಿತು. ಋಗ್ವೇದದ ಜೂಜುಗಾರನ ಅಳಲಿನಿಂದ ಹಿಡಿದು ಮಹಾಭಾರತ, ಮನುಸ್ಮೃತಿಯವರೆಗೆ ಎಲ್ಲವನ್ನೂ ಆಧಾರವಾಗಿಟ್ಟು ದಾಸ್ ಹೇಳಿದ ಮಾತಿನ ಸಾರ ಇಷ್ಟೆ: ಜೂಜು ವ್ಯಾಪಾರವೇ ಅಲ್ಲ, ಆದ್ದರಿಂದ ಅದಕ್ಕೆ ಸಂವಿಧಾನದ ರಕ್ಷಣೆಯೂ ಇಲ್ಲ. ಮುಂದಿನ ಅರವತ್ತು ಎಪ್ಪತ್ತು ವರ್ಷ ಜೂಜಿನ ಕಟ್ಲೆ ಎಲ್ಲಿ ನಡೆದರೂ ಮೊದಲು ಬಿಚ್ಚುವ ಪುಸ್ತಕ ಇದೇ ತೀರ್ಪಿನದಾಯಿತು.

ತೀರ್ಪಿಗೂ ಮುಂಚೆ ನಡೆದ ಒಂದು ಸಂಗತಿ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಪದಬಂಧದ ಹುಚ್ಚನ್ನು ದೇಶಾದ್ಯಂತ ತಡೆಯಲು ಸಂಸತ್ತು 1955ರಲ್ಲಿ ಬಹುಮಾನ ಸ್ಪರ್ಧೆ ಕಾಯ್ದೆ ಮಾಡಿತು. ತಿಂಗಳಿಗೆ 1,000 ರೂಪಾಯಿಗಿಂತ ಹೆಚ್ಚಿನ ಬಹುಮಾನ ಕೊಡುವಂತಿಲ್ಲ, 2,000ಕ್ಕಿಂತ ಹೆಚ್ಚು ಪ್ರವೇಶಪತ್ರ ತೆಗೆದುಕೊಳ್ಳುವಂತಿಲ್ಲ ಎಂದಿತು. ಬಾಜಿ ಮತ್ತು ಜೂಜು ರಾಜ್ಯಗಳ ಪಟ್ಟಿಯಲ್ಲಿರುವ ವಿಷಯ. ಸಂಸತ್ತು ಅದರಲ್ಲಿ ಕೈಹಾಕಬೇಕಾದರೆ ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಒಪ್ಪಿಗೆ ಕೊಡಬೇಕು. ಮುಂಬಯಿ, ಮದ್ರಾಸು, ಆಂಧ್ರ, ಹೈದರಾಬಾದ್ ಮೊದಲಾದ ರಾಜ್ಯಗಳು ಹಾಗೆ ಒಪ್ಪಿಗೆ ಕೊಟ್ಟವು. ಮೈಸೂರು ಕೂಡ ಮುಂದೆ ಆ ಕಾಯ್ದೆಯನ್ನು ಅಂಗೀಕರಿಸಿತು. ಜೂಜು ಇರಬೇಕೆ ಬೇಡವೆ ಎಂದು ನಮ್ಮಲ್ಲಿ ಯಾರಾದರೂ ಕೈ ಎತ್ತಿದ್ದರೆ ಆ ಶಾಸಕರೇ. ಜನರವರೆಗೆ ಆ ಪ್ರಶ್ನೆ ಬರಲೇ ಇಲ್ಲ.

ನಮ್ಮ ಬಳ್ಳಾರಿಯ ಸ್ಥಿತಿ ಆಗ ಇನ್ನೂ ವಿಚಿತ್ರವಾಗಿತ್ತು. 1953ರ ಅಕ್ಟೋಬರ್ 1ರವರೆಗೆ ಇದು ಮದ್ರಾಸಿನ ಜಿಲ್ಲೆ. ಬ್ರೂಸ್‌ಪೇಟೆಯಲ್ಲಿ ಇಸ್ಪೀಟು ಹಿಡಿದು ಕೂತವನನ್ನು ಎಬ್ಬಿಸಲು ಬರುತ್ತಿದ್ದ ಪೊಲೀಸರ ಕೈಯಲ್ಲಿದ್ದುದು 1930ರ ಮದ್ರಾಸು ಜೂಜು ಕಾಯ್ದೆ. ನ್ಯಾಯಮೂರ್ತಿ ಮಿಶ್ರಾ ಅವರ ವರದಿಯ ಮೇಲೆ ಬಳ್ಳಾರಿ ತಾಲ್ಲೂಕು ಮೈಸೂರಿಗೆ ಬಂತು. ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯೂ ಈ ಕಡೆಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಊರು ಯಾವ ರಾಜ್ಯಕ್ಕೆ ಸೇರಬೇಕು ಎಂಬಷ್ಟು ದೊಡ್ಡ ಪ್ರಶ್ನೆಗೇ ಇಲ್ಲಿ ಮತಪೆಟ್ಟಿಗೆ ಇಡಲಿಲ್ಲ. ಇನ್ನು ಇಸ್ಪೀಟಿನ ಪ್ರಶ್ನೆಗೆ ಯಾರು ಇಟ್ಟಾರು? 1963ರ ಪೊಲೀಸ್ ಕಾಯ್ದೆ ಬಂದ ಮೇಲೆ ರಾಜ್ಯಕ್ಕೆಲ್ಲ ಒಂದೇ ಕಾನೂನಾಯಿತು. ಇಂದಿಗೂ ಬಳ್ಳಾರಿ ಪುಟದ ಅಪರಾಧ ಸುದ್ದಿಯಲ್ಲಿ ‘ಕಲಂ 87’ ಎಂದಿದ್ದರೆ ಅಂದರ್-ಬಾಹರ್, ‘78(3)’ ಎಂದಿದ್ದರೆ ಮಟ್ಕಾ ಎಂದು ಓದುಗರು ಬಿಡಿಸಿ ಹೇಳದೆಯೇ ತಿಳಿದುಕೊಳ್ಳುತ್ತಾರೆ.

ಮಟ್ಕಾದ ಹುಟ್ಟಿಗೂ ಬಳ್ಳಾರಿಯಂಥ ಊರುಗಳ ಬದುಕಿಗೂ ದೂರದ ನಂಟುಂಟು, ಹತ್ತಿಯ ಮೂಲಕ. ನಮ್ಮ ಎರೆಭೂಮಿಯ ಹತ್ತಿ ಜಿನ್ನಿಂಗ್ ಮಿಲ್ಲು ದಾಟಿ ಹೊರಡುತ್ತಿದ್ದ ಕಾಲದಲ್ಲಿ ಅದರ ಧಾರಣೆಯ ಮೇಲೆ ಕಣ್ಣಿಟ್ಟವರು ರೈತರು, ದಲಾಲರು ಮಾತ್ರ ಆಗಿರಲಿಲ್ಲ. ನ್ಯೂಯಾರ್ಕಿನ ಹತ್ತಿ ಪೇಟೆ ತೆರೆದಾಗಿನ ದರ, ಮುಚ್ಚಿದಾಗಿನ ದರ ತಂತಿಯಲ್ಲಿ ಮುಂಬಯಿಗೆ ಬರುತ್ತಿತ್ತು. ಆ ದರದ ಕೊನೆಯ ಅಂಕಿಯ ಮೇಲೆ ಜನ ಪಣ ಕಟ್ಟುತ್ತಿದ್ದರು. ತೆರೆದದ್ದು ‘ಓಪನ್’, ಮುಚ್ಚಿದ್ದು ‘ಕ್ಲೋಸ್’; ನಮ್ಮ ಕಡೆ ಇಂದಿಗೂ ಈ ಆಟವನ್ನು ‘ಓಸಿ’ ಎನ್ನುವುದು ಅದರಿಂದಲೇ. 1961ರಲ್ಲಿ ನ್ಯೂಯಾರ್ಕಿನ ದರ ಬರುವುದು ನಿಂತಿತು. ಆಟ ನಿಲ್ಲಲಿಲ್ಲ. ಅಂಕಿ ಬರೆದ ಚೀಟಿಗಳನ್ನು ಮಡಕೆಗೆ ಹಾಕಿ ಎತ್ತುವ ಪದ್ಧತಿ ಬಂತು, ಆಮೇಲೆ ಇಸ್ಪೀಟಿನ ಎಲೆಗಳೇ ಬಂದವು. ಈ ಆಟ ನಡೆಸುತ್ತಿದ್ದ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಎಂಬವರ ಹೆಸರುಗಳು ಮುಂಬಯಿಯಿಂದ ನಮ್ಮ ಚಹಾದಂಗಡಿಯವರೆಗೂ ಬಂದು ಮುಟ್ಟಿದವು.

ಈ ಆಟದ ಲೆಕ್ಕ ತಿಳಿಯಲು ಪೊಲೀಸರ ಪತ್ರಿಕಾ ಪ್ರಕಟಣೆಯೇ ಸಾಕು. ‘ಒಂದು ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ನಂಬಿಸಿ, ಮಟ್ಕಾ ಅಂಕಿ ಬರೆದುಕೊಳ್ಳುತ್ತಿದ್ದಾಗ’ ಎಂಬ ಸಾಲು ನಮ್ಮ ಸೀಮೆಯ ಸುದ್ದಿಗಳಲ್ಲಿ ಅದೆಷ್ಟು ಸಲ ಬಂದಿದೆಯೋ. ಸೊನ್ನೆ ಸೊನ್ನೆಯಿಂದ 99ರವರೆಗೆ ಇರುವುದು ನೂರು ಜೋಡಿ ಅಂಕಿ. ಒಬ್ಬ ನೂರು ರೂಪಾಯಿ ಇಟ್ಟುಕೊಂಡು ಎಲ್ಲ ಜೋಡಿಗೂ ಒಂದೊಂದು ರೂಪಾಯಿ ಕಟ್ಟಿದನೆನ್ನಿ: ಗೆಲ್ಲುವುದು ಖಚಿತ, ಕೈಗೆ ಬರುವುದು 80. ಉಳಿದ 20 ಮೇಲಿನವರದು, ಅದರಲ್ಲಿ ಒಂದಿಷ್ಟು ಚೀಟಿ ಬರೆಯುವವನ ಕಮಿಷನ್ನು. ಗಿರಾಕಿಯ ಕೈಯಲ್ಲಿ ಪೆನ್ಸಿಲಿನಲ್ಲಿ ಗೀಚಿದ ಒಂದು ತುಂಡು ಕಾಗದ, ರಸೀದಿ ಇಲ್ಲ, ಸಾಕ್ಷಿ ಇಲ್ಲ. ಆದರೂ ಗೆದ್ದವನ ದುಡ್ಡು ಮರುದಿನ ಬೆಳಿಗ್ಗೆ ಬರುತ್ತಿತ್ತು. ಈ ಕಳ್ಳ ವ್ಯವಹಾರ ಅಷ್ಟು ವರ್ಷ ಬಾಳಿದ್ದರ ಗುಟ್ಟು ಈ ನಂಬಿಕೆಯಲ್ಲಿದೆ ಎಂದು ನನಗನ್ನಿಸುತ್ತದೆ.

ಮಟ್ಕಾ ಬೇರು ಬಿಡುತ್ತಿದ್ದ ಆ ದಶಕದಲ್ಲೇ ಸರ್ಕಾರಗಳು ತಾವೇ ಅಂಗಡಿ ತೆರೆದವು. ಖಜಾನೆಗೆ ಅದೃಷ್ಟದ ದುಡ್ಡು ಹೊಸದೇನಲ್ಲ. ದ್ಯೂತದ ಅಧ್ಯಕ್ಷನು ಗೆದ್ದವನಿಂದ ನೂರಕ್ಕೆ ಐದು ಪಡೆಯಬೇಕೆಂದು ಕೌಟಿಲ್ಯನೇ ಬರೆದಿಟ್ಟಿದ್ದಾನೆ; 1817ರ ಕಲ್ಕತ್ತೆಯ ಲಾಟರಿ ಸಮಿತಿ ಟಿಕೆಟ್ಟಿನ ದುಡ್ಡಿನಲ್ಲಿ ರಸ್ತೆ ಹಾಕಿಸಿತು. ಸ್ವತಂತ್ರ ಭಾರತದಲ್ಲಿ ಮೊದಲು ಧೈರ್ಯ ಮಾಡಿದ್ದು ಕೇರಳ. 1967ರಲ್ಲಿ ಒಂದು ರೂಪಾಯಿಯ ಟಿಕೆಟ್ ಮಾರಾಟಕ್ಕೆ ಬಂತು, ಮೊದಲ ಬಹುಮಾನ 50,000 ರೂಪಾಯಿ. 1968ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಲಾಟರಿ ನಡೆಸುವ ಅಧಿಕಾರ ವಹಿಸಿಕೊಟ್ಟಿತು. ಆ ದಶಕ ಮುಗಿಯುವಷ್ಟರಲ್ಲಿ ಮೈಸೂರು ರಾಜ್ಯವೂ ಟಿಕೆಟ್ ಅಚ್ಚು ಹಾಕಿಸಿತ್ತು. ಹತ್ತು ಹನ್ನೆರಡು ವರ್ಷ ಹಿಂದೆ ಜೂಜು ವ್ಯಾಪಾರವೇ ಅಲ್ಲ ಎಂದು ನ್ಯಾಯಾಲಯ ಹೇಳಿದ್ದಾಗ ಚಪ್ಪಾಳೆ ತಟ್ಟಿದ್ದ ಸರ್ಕಾರಗಳು ಈಗ ಅದೇ ವ್ಯಾಪಾರದ ಯಜಮಾನರಾಗಿದ್ದವು. ಚುನಾವಣೆಯಲ್ಲಿ ಯಾರೂ ಇದನ್ನು ಮುಂದಿಟ್ಟು ಮತ ಕೇಳಿರಲಿಲ್ಲ. ಹಣಕಾಸು ಇಲಾಖೆಯ ಕಡತದಲ್ಲಿ ಹುಟ್ಟಿ, ಎಂ.ಎಸ್.ಐ.ಎಲ್. ಸಂಸ್ಥೆಯ ಮೂಲಕ ಪೇಟೆಗೆ ಬಂದ ಯೋಜನೆ ಅದು.

ನಲವತ್ತು ದಾಟಿದ ಓದುಗರಿಗೆ ಮುಂದಿನದನ್ನು ವರ್ಣಿಸಿ ಹೇಳಬೇಕಿಲ್ಲ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಮಡಚುವ ಮೇಜು, ಅದರ ಮೇಲೆ ಕ್ಲಿಪ್ಪು ಸಿಕ್ಕಿಸಿದ ಬಣ್ಣಬಣ್ಣದ ಟಿಕೆಟ್ಟಿನ ಸಾಲು, ‘ಇಂದೇ ಡ್ರಾ’ ಎಂಬ ಹಲಗೆ, ಸೈಕಲ್ಲಿಗೆ ಕಟ್ಟಿದ ಮೈಕು. ಕರ್ನಾಟಕದ್ದರ ಪಕ್ಕದಲ್ಲೇ ಸಿಕ್ಕಿಂ, ನಾಗಾಲ್ಯಾಂಡ್, ಮೇಘಾಲಯ, ಭೂತಾನಿನ ಟಿಕೆಟ್ಟುಗಳು. ಆ ನಾಡುಗಳನ್ನು ಭೂಪಟದಲ್ಲಿ ತೋರಿಸಲಾರದವರಿಗೂ ಅವುಗಳ ಡ್ರಾ ಎಷ್ಟು ಗಂಟೆಗೆ ಎಂಬುದು ಬಾಯಿಪಾಠವಾಗಿತ್ತು. ಮೊದಮೊದಲು ವಾರಕ್ಕೋ ತಿಂಗಳಿಗೋ ಒಮ್ಮೆ ಇದ್ದ ಡ್ರಾ ದಿನಕ್ಕೊಂದಾಯಿತು, ದಿನಕ್ಕೆ ಹಲವಾಯಿತು. ನನ್ನ ದೃಷ್ಟಿಯಲ್ಲಿ ಲಾಟರಿಯ ಇತಿಹಾಸದ ನಿಜವಾದ ತಿರುವು ಇದು. ವಾರಕ್ಕೊಮ್ಮೆ ಟಿಕೆಟ್ ಕೊಂಡವನು ಏಳು ದಿನ ಕನಸು ಕಾಣುತ್ತ ದುಡಿಯುತ್ತಿದ್ದ. ಗಂಟೆಗೊಂದು ಡ್ರಾ ಬಂದಮೇಲೆ ಅವನು ಕೆಲಸ ಬಿಟ್ಟು ಅಲ್ಲೇ ನಿಂತ. ಒಂದಂಕಿ ಲಾಟರಿ ಬಂದಾಗ ಅದಕ್ಕೂ ಓಸಿಗೂ ವ್ಯತ್ಯಾಸವಿದ್ದುದು ಸರ್ಕಾರದ ಮುದ್ರೆಯಲ್ಲಿ ಮಾತ್ರ.

ಸಂಸತ್ತು ಎಚ್ಚೆತ್ತದ್ದು 1998ರಲ್ಲಿ. ಲಾಟರಿ ನಿಯಂತ್ರಣ ಕಾಯ್ದೆ ಒಂದಂಕಿ ಆಟವನ್ನು ನಿಷೇಧಿಸಿತು, ಬಂಪರ್ ಡ್ರಾ ವರ್ಷಕ್ಕೆ ಆರಕ್ಕಿಂತ ಹೆಚ್ಚಿರಬಾರದು ಎಂದಿತು, ಹೊರರಾಜ್ಯದ ಟಿಕೆಟ್ ತಡೆಯುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಮರುವರ್ಷ ಸುಪ್ರೀಂ ಕೋರ್ಟ್ ಒಂದು ಷರತ್ತು ಸೇರಿಸಿತು: ಪರರ ಲಾಟರಿ ತಡೆಯಬೇಕಾದರೆ ನಿಮ್ಮದನ್ನೂ ನಿಲ್ಲಿಸಿರಬೇಕು. ಇದರಿಂದ ಪ್ರತಿ ರಾಜ್ಯವೂ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ನಿರ್ಧರಿಸಬೇಕಾಯಿತು. ತಮಿಳುನಾಡು 2003ರ ಜನವರಿಯಲ್ಲಿ ಬಿಟ್ಟಿತು. ಕರ್ನಾಟಕ ಆಗಲೂ ಹಿಂದೆಮುಂದೆ ನೋಡಿತು. 2002ರ ಹೊತ್ತಿಗೆ ಕಂಪ್ಯೂಟರ್ ಪರದೆಯ ಆನ್‌ಲೈನ್ ಲಾಟರಿ ಊರೂರಿಗೆ ಬಂದಿತ್ತು. 2004ರಲ್ಲಿ ಸರ್ಕಾರ ಎಲ್ಲ ಲಾಟರಿಗಳ ಮೇಲೂ ತೆರಿಗೆ ಹಾಕುವ ಕಾಯ್ದೆ ತಂದಿತು. ಕೊನೆಗೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ಹೊತ್ತ ಉಪಮುಖ್ಯಮಂತ್ರಿ ಆಗಿದ್ದ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, 2007ರ ಏಪ್ರಿಲ್‌ನಿಂದ ರಾಜ್ಯವನ್ನು ಲಾಟರಿಮುಕ್ತ ಎಂದು ಸಾರಿತು. ಅದೇ ವರ್ಷದ ಜುಲೈ 1ರಿಂದ ಸಾರಾಯಿಯೂ ನಿಂತಿತು. ಕೂಲಿಯವನ ಎರಡು ಚಟಗಳ ಅಂಗಡಿ ಮೂರು ತಿಂಗಳ ಅಂತರದಲ್ಲಿ ಮುಚ್ಚಿದವು. ಎಷ್ಟೋ ಮನೆಗಳಲ್ಲಿ ಹೆಂಗಸರು ನಿಟ್ಟುಸಿರು ಬಿಟ್ಟರು. ಟಿಕೆಟ್ ಮಾರಿ ಬದುಕುತ್ತಿದ್ದ ಅಂಗವಿಕಲರೂ ಮುದುಕರೂ ಬೀದಿಗೆ ಬಿದ್ದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ.

2004ರ ತೆರಿಗೆಯ ಕಥೆ ಮಾತ್ರ ನಿಷೇಧದ ಜೊತೆ ಮುಗಿಯಲಿಲ್ಲ. ಮೇಘಾಲಯ ಮೊದಲಾದ ರಾಜ್ಯಗಳು ಅದನ್ನು ಪ್ರಶ್ನಿಸಿದವು. ಹೈಕೋರ್ಟ್ ಕಾಯ್ದೆ ಅಸಿಂಧು, ದುಡ್ಡು ಹಿಂತಿರುಗಿಸಿ ಎಂದಿತು. ಲಾಟರಿ ನಿಂತು ಸುಮಾರು ಹದಿನೈದು ವರ್ಷವಾದ ಮೇಲೆ, 2022ರ ಮಾರ್ಚ್ 23ರಂದು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಕರ್ನಾಟಕದ ಪರ ತೀರ್ಪು ಕೊಟ್ಟಿತು. ಲಾಟರಿಯನ್ನು ಯಾರೇ ನಡೆಸಲಿ, ಅದು ಜೂಜು. ಜೂಜಿನ ಮೇಲೆ ತೆರಿಗೆ ಹಾಕುವ ಹಕ್ಕು ರಾಜ್ಯದ್ದು ಎಂಬುದು ಅದರ ತಿರುಳು.

ಬೀಗ ಹಾಕಿದ್ದರಿಂದ ಆದದ್ದೇನು? ಇಲ್ಲಿ ಬಲ್ಲವರಲ್ಲೇ ಎರಡು ಪಕ್ಷ. ಸರ್ಕಾರಿ ಲಾಟರಿ ಹೋದ ಜಾಗವನ್ನು ಮಟ್ಕಾ ತುಂಬಿತು, ಖಜಾನೆಗೆ ಬರುತ್ತಿದ್ದುದು ಬುಕ್ಕಿಯ ಪಾಲಾಯಿತು ಎನ್ನುವವರು ಒಂದು ಕಡೆ. ಕೈಗೆಟುಕುವಲ್ಲಿ ಇಲ್ಲದಿದ್ದರೆ ಹತ್ತು ಜನರಲ್ಲಿ ಆರೇಳು ಜನ ಬಿಟ್ಟೇ ಬಿಡುತ್ತಾರೆ, ಉಳಿದ ಚಟಗಾರರಿಗಾಗಿ ಎಲ್ಲರ ಮುಂದೂ ಆಮಿಷ ಇಡಬಾರದು ಎನ್ನುವವರು ಇನ್ನೊಂದು ಕಡೆ. 2015ರಲ್ಲಿ ಮೊದಲ ಪಕ್ಷಕ್ಕೆ ಬಲ ಬಂದಂತಾಯಿತು. ನಿಷೇಧವಾಗಿ ಎಂಟು ವರ್ಷವಾದರೂ ಒಂದಂಕಿ ಲಾಟರಿಯ ಜಾಲ ನಡೆಯುತ್ತಲೇ ಇತ್ತೆಂಬುದು ಬಯಲಾಗಿ, ಪೊಲೀಸ್ ಅಧಿಕಾರಿಗಳೇ ಅಮಾನತಾಗಿ, ತನಿಖೆ ಸಿಬಿಐವರೆಗೆ ಹೋಯಿತು. ನಾನು ಎರಡನೆಯ ಪಕ್ಷದವನು. ಬಳ್ಳಾರಿಯಲ್ಲಿ ಲಾಟರಿ ಭರದಿಂದ ನಡೆದಾಗಲೂ ಓಸಿ ಇತ್ತು. ಒಂದು ಇನ್ನೊಂದನ್ನು ಓಡಿಸಿದ್ದನ್ನು ನಾನಂತೂ ಕಾಣೆ. ಸರ್ಕಾರಿ ಮೇಜಿನ ಮುಂದೆ ರುಚಿ ಹತ್ತಿಸಿಕೊಂಡು ಆಮೇಲೆ ಚೀಟಿ ಬರೆಸಲು ಹೋದವರೇ ಹೆಚ್ಚು.

ಹಾಗೆಂದು ನಿಷೇಧ ಗಡಿಯನ್ನು ಮೀರಿ ಹೋಗಲಾರದು. ಕೇರಳ ಗಡಿಯ ತಲಪಾಡಿಗೆ ಹೋಗಿ ನೋಡಿ. ಆ ಕಡೆಯ ಮಂಜೇಶ್ವರದಲ್ಲಿ ಕನ್ನಡ, ತುಳು ಮಾತಾಡುವ ಅಂಗಡಿಯವನು ಕೇರಳ ಸರ್ಕಾರದ ಟಿಕೆಟ್ಟನ್ನು ರಾಜಾರೋಷವಾಗಿ ಮಾರುತ್ತಾನೆ. ಅದೇ ಟಿಕೆಟ್ಟನ್ನು ಈ ಕಡೆ ತಂದು ಮಾರಿದರೆ ಅಪರಾಧ. 2024ರ ಓಣಂ ಬಂಪರಿನ 25 ಕೋಟಿ ಬಿದ್ದದ್ದು ಕರ್ನಾಟಕದವರೊಬ್ಬರಿಗೆ. ಆ ಸುದ್ದಿ ಓದಿ ಎಷ್ಟು ಜನ ಗಡಿಯ ಕಡೆ ಬಸ್ಸು ಹತ್ತಿದರೋ, ಆ ಶಿವನೇ ಬಲ್ಲ.

ಮುಂದೆ ಗಡಿಯ ಮಾತೇ ಉಳಿಯಲಿಲ್ಲ. ಜೂಜು ಮೊಬೈಲಿಗೆ ಬಂತು. 2021ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ವಿಧಾನಮಂಡಲ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕುದುರೆ ರೇಸಿಗೆ ಮಾತ್ರ ಎಂದಿನಂತೆ ವಿನಾಯಿತಿ. ಐದೇ ತಿಂಗಳಲ್ಲಿ, 2022ರ ಫೆಬ್ರವರಿ 14ರಂದು, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಕೌಶಲದ ಆಟವೂ ಅದೃಷ್ಟದ ಆಟವೂ ಒಂದೇ ಅಲ್ಲ ಎಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಭೇದವನ್ನೇ ಬದಿಗಿಟ್ಟು, ದುಡ್ಡು ಕಟ್ಟುವ ಎಲ್ಲ ಆನ್‌ಲೈನ್ ಆಟಗಳನ್ನೂ ದೇಶಾದ್ಯಂತ ನಿಷೇಧಿಸಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಯ ಅಂಕಿತ. ಮೂರು ದಿನದಲ್ಲಿ ಎಲ್ಲ ಮುಗಿಯಿತು. ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಬೇರೆ. ಅದರ ಮೇಲೆ ಊರಿನವರು ಕೂತು ಮಾತಾಡಲು ಸಮಯವೆಲ್ಲಿತ್ತು?

ಜನರ ಅಭಿಪ್ರಾಯ ಕೇಳುವ ಪ್ರಯತ್ನ ಒಮ್ಮೆ ನಡೆದಿತ್ತು, ಅದೂ ಅರೆಮನಸ್ಸಿನಲ್ಲಿ. ಕ್ರಿಕೆಟ್ ಬೆಟ್ಟಿಂಗ್ ಹಗರಣದ ಬೆನ್ನಲ್ಲೇ ಲೋಧಾ ಸಮಿತಿ ಬೆಟ್ಟಿಂಗನ್ನು ಕಾನೂನುಬದ್ಧಗೊಳಿಸಿ ಎಂದಿತು. ಅದನ್ನು ಪರಿಶೀಲಿಸಲು ಸುಪ್ರೀಂ ಕೋರ್ಟ್ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2017ರಲ್ಲಿ ಸಾರ್ವಜನಿಕರಿಂದ ಅಭಿಪ್ರಾಯ ಆಹ್ವಾನಿಸಿ, 2018ರ ಜುಲೈಯಲ್ಲಿ ತನ್ನ 276ನೇ ವರದಿ ಕೊಟ್ಟಿತು. ಸದ್ಯದ ಸ್ಥಿತಿಯಲ್ಲಿ ಜೂಜು ಕಾನೂನುಬದ್ಧವಾಗುವುದು ಅಪೇಕ್ಷಣೀಯವಲ್ಲ, ಆದರೆ ತಡೆಯಲಾಗದಿದ್ದರೆ ಬಿಗಿ ನಿಯಂತ್ರಣದಲ್ಲಿ ಬಿಡುವುದೇ ದಾರಿ ಎಂದು ಎರಡೂ ದಡಕ್ಕೆ ಕಾಲಿಟ್ಟ ವರದಿ ಅದು. ಜೂಜಿಗೆ ಸಮ್ಮತಿ ಎಂದು ಪತ್ರಿಕೆಗಳು ಬರೆದಾಗ ಆಯೋಗವೇ ಸ್ಪಷ್ಟನೆ ಕೊಡಬೇಕಾಯಿತು.

ಮತಪೆಟ್ಟಿಗೆ ಇಟ್ಟು ನೇರವಾಗಿ ಕೇಳಿದ ನಾಡುಗಳೂ ಇವೆ. ಸ್ವಿಟ್ಜರ್ಲೆಂಡಿನವರು 1920ರಲ್ಲಿ ಮತ ಹಾಕಿ ಜೂಜುಮನೆಗಳನ್ನು ಮುಚ್ಚಿಸಿದರು, 1928ರಲ್ಲಿ ಸಣ್ಣ ಪಣದ ಆಟಕ್ಕೆ ಬಿಡುವು ಕೊಟ್ಟರು, 1993ರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮತದಿಂದ ನಿಷೇಧವನ್ನೇ ತೆಗೆದರು. 2018ರಲ್ಲಿ ಮತ್ತೆ ಮತ ಹಾಕಿ ವಿದೇಶಿ ಆನ್‌ಲೈನ್ ಜೂಜು ತಾಣಗಳನ್ನು ತಡೆಯುವ ಕಾನೂನಿಗೆ 72.9ರಷ್ಟು ಒಪ್ಪಿಗೆ ಕೊಟ್ಟರು. ಅಮೆರಿಕದ ನ್ಯೂಜೆರ್ಸಿಯ ಕಥೆ ಇನ್ನೂ ಸ್ವಾರಸ್ಯದ್ದು. 1974ರಲ್ಲಿ ರಾಜ್ಯದಲ್ಲೆಲ್ಲ ಕ್ಯಾಸಿನೊ ತೆರೆಯಬಹುದೇ ಎಂದು ಕೇಳಿದಾಗ ಜನ ಬೇಡವೆಂದರು. ಎರಡು ವರ್ಷ ಬಿಟ್ಟು, ಬರೀ ಅಟ್ಲಾಂಟಿಕ್ ಸಿಟಿಯಲ್ಲಿ, ಬಂದ ತೆರಿಗೆ ವೃದ್ಧರಿಗೂ ಅಂಗವಿಕಲರಿಗೂ ಎಂದು ಕೇಳಿದಾಗ ಹೂಂ ಎಂದರು. 1978ರಲ್ಲಿ ಮೊದಲ ಕ್ಯಾಸಿನೊ ತೆರೆಯಿತು. ಪಕ್ಕದ ರಾಜ್ಯಗಳೂ ಕ್ಯಾಸಿನೊ ತೆರೆದ ಮೇಲೆ ಆ ಊರಿನ ವ್ಯಾಪಾರ ಕುಸಿದು, 2014ರ ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿದವು. 2016ರಲ್ಲಿ ರಾಜ್ಯದ ಉತ್ತರ ಭಾಗಕ್ಕೂ ಕ್ಯಾಸಿನೊ ಬೇಕೆ ಎಂದು ಕೇಳಿದರೆ ಜನ ಭಾರೀ ಬಹುಮತದಿಂದ ತಿರಸ್ಕರಿಸಿದರು. ತೈವಾನಿನ ಪೆಂಗ್‌ಹು ದ್ವೀಪದವರು 2009ರಲ್ಲಿ ಕ್ಯಾಸಿನೊ ಬೇಡವೆಂದರು. 2016ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 81 ಮಂದಿ ಬೇಡವೆಂದರು. ಮಾತ್ಸು ದ್ವೀಪದವರು 2012ರಲ್ಲಿ ಬೇಕೆಂದರೂ ಅಲ್ಲಿನ ಸಂಸತ್ತು ಅದಕ್ಕೆ ಬೇಕಾದ ಕಾನೂನನ್ನೇ ಮಾಡಲಿಲ್ಲ.

ಇದರಲ್ಲಿ ನನಗೆ ಕಾಣುವುದು ಜನರ ಚಂಚಲತೆಯಲ್ಲ. ಜೂಜು ಸರಿಯೋ ತಪ್ಪೋ ಎಂದು ಕೇಳಿದರೆ ಒಂದು ಉತ್ತರ ಬರುತ್ತದೆ. ಎಲ್ಲಿ, ಯಾರ ಊರಿನಲ್ಲಿ, ದುಡ್ಡು ಯಾರಿಗೆ ಎಂದು ಕೇಳಿದರೆ ಇನ್ನೊಂದು. ನಮ್ಮ ಸರ್ಕಾರಗಳು ಈ ಮೂರನ್ನೂ ಎಂದೂ ಬಿಡಿಸಿ ಹೇಳಲಿಲ್ಲ. ಲಾಟರಿ ತಂದಾಗ ಅಭಿವೃದ್ಧಿ ಎಂದರು, ತೆಗೆದಾಗ ಬಡವರ ರಕ್ಷಣೆ ಎಂದರು. ನಲವತ್ತು ವರ್ಷದಲ್ಲಿ ಬಡವನಿಂದ ಎಷ್ಟು ಬಂತು, ಅದರಲ್ಲಿ ಅವನ ಊರಿಗೆ ಏನು ಕಟ್ಟಿಸಿದಿರಿ ಎಂಬ ಲೆಕ್ಕವನ್ನು ಜನರ ಮುಂದೆ ಇಡಲಿಲ್ಲ.

ರಾಜ್ಯಮಟ್ಟದ ಜನಮತಗಣನೆಗೆ ನಮ್ಮ ಸಂವಿಧಾನದಲ್ಲಿ ಅವಕಾಶವಿಲ್ಲ ಎಂಬುದು ನಿಜ. ಮಹಾರಾಷ್ಟ್ರಕ್ಕೆ ಸೇರಬೇಕೆ ಬೇಡವೆ ಎಂದು 1967ರ ಜನವರಿ 16ರಂದು ಗೋವಾದಲ್ಲಿ ನಡೆದ ಮತದಾನಕ್ಕೇ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಆ ಗೋವಾ ಕೂಡ 1992ರಲ್ಲಿ ಐದು ನಕ್ಷತ್ರದ ಹೋಟೆಲುಗಳಿಗೆ, ಆಮೇಲೆ ಹಡಗುಗಳಿಗೆ ಜೂಜಿನ ಅನುಮತಿ ಕೊಡುವಾಗ ಯಾರನ್ನೂ ಕೇಳಲಿಲ್ಲ. ಆದರೆ ಕೆಳಮಟ್ಟದಲ್ಲಿ ದಾರಿಯೇ ಇಲ್ಲ ಎನ್ನುವಂತಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಊರಿನ ಹೆಂಡದಂಗಡಿ ಬೇಕೆ ಬೇಡವೆ ಎಂದು ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡೇ ಚಿಹ್ನೆ: ನಿಂತ ಬಾಟಲಿ, ಮಲಗಿದ ಬಾಟಲಿ. ಅಕ್ಷರ ಬಾರದ ಅಜ್ಜಿಯೂ ಮಲಗಿದ ಬಾಟಲಿಯ ಮೇಲೆ ಮುದ್ರೆ ಒತ್ತಿ ಬರುತ್ತಾಳೆ. ಅಂಗಡಿಗಳು ಹಾಗೆ ಮುಚ್ಚಿಯೂ ಇವೆ.

ನಮ್ಮ ಕಡೆ ಜೂಜೂ ಮತವೂ ಕೂಡುವುದು ಇನ್ನೊಂದೇ ರೀತಿಯಲ್ಲಿ. ಎಣಿಕೆಯ ಮುನ್ನಾದಿನ ಯಾರು ಗೆಲ್ಲುತ್ತಾರೆ, ಎಷ್ಟು ಅಂತರದಲ್ಲಿ ಎಂಬುದರ ಮೇಲೆ ಬಾಜಿ ಕಟ್ಟುವವರಿಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಬರವಿಲ್ಲ. ಯುಗಾದಿಗೆ ಎಲೆ ಹಾಕುವುದು ಸಂಪ್ರದಾಯ ಎಂದು ವಾದಿಸುವ ಹಿರಿಯರೂ ಇದ್ದಾರೆ. ಅವರನ್ನೂ, ಅವರ ಮನೆಯ ಹೆಣ್ಣುಮಕ್ಕಳನ್ನೂ ಒಂದೇ ಗ್ರಾಮಸಭೆಯಲ್ಲಿ, ಒಂದೇ ವಾರ್ಡ್ ಸಭೆಯಲ್ಲಿ ಕೂರಿಸಿ ಕೇಳಿದರೆ ಬರುವ ಉತ್ತರಕ್ಕೆ ಕಾನೂನಿನ ಬಲ ಇರಲಾರದು. ಆದರೂ ಠಾಣೆಯವರೂ ಶಾಸಕರೂ ಅದನ್ನು ಕಡೆಗಣಿಸಲಾರರು. ಮುಂದಿನ ಸಭೆಯ ನೋಟಿಸು ಬಂದಾಗ ಚರಂಡಿ, ಬೀದಿದೀಪದ ಜೊತೆ ಈ ವಿಷಯವನ್ನೂ ಸೇರಿಸಿ ಎಂದು ಬರೆದುಕೊಡಿ. ಮೇಲಿನ ಮಟ್ಟದ ಮಾತೇ ಬೇರೆ: 2025ರ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಕರ್ನಾಟಕ ಹೈಕೋರ್ಟಿನಿಂದಲೂ ಬೇರೆ ಕಡೆಗಳಿಂದಲೂ ಸುಪ್ರೀಂ ಕೋರ್ಟ್ ಆ ವರ್ಷದ ಸೆಪ್ಟೆಂಬರ್‌ನಲ್ಲೇ ತನ್ನ ಬಳಿಗೆ ತರಿಸಿಕೊಂಡಿತು. ಈ ಸಲವೂ ತೀರ್ಮಾನ ಬರಬೇಕಾದದ್ದು ದೆಹಲಿಯಿಂದಲೇ.